‘ಐ ಪಾಸ್ಡ್ ಔಟ್ ಇನ್ 2022’ ಎಂದರೆ ವಿದೇಶಿಯರು ಬೆಚ್ಚುವುದೇಕೆ?

ಪುಣೆ, ಹೈದರಾಬಾದ್, ಚೆನ್ನೈನ ಐಟಿ ಕಂಪನಿಗಳ ಸಂದರ್ಶನದಲ್ಲಿ ದಿನವೂ ಕೇಳಿಬರುವ ವಾಕ್ಯ ಇದು: ‘ಐ ಪಾಸ್ಡ್ ಔಟ್ ಇನ್ 2022’. ಎದುರಿಗೆ ಕೂತವರು ಭಾರತೀಯರಾದರೆ ಏನೂ ತೊಂದರೆಯಿಲ್ಲ. ಅಮೆರಿಕದವರೋ ಬ್ರಿಟನ್ನಿನವರೋ ವಿಡಿಯೊ ಕಾಲ್‌ನಲ್ಲಿದ್ದರೆ ಮಾತ್ರ, ‘2022ರಲ್ಲಿ ನಾನು ಪ್ರಜ್ಞೆ ತಪ್ಪಿ ಬಿದ್ದೆ’ ಎಂದು ಹೇಳಿದಂತಾಗುತ್ತದೆ. ಅಲ್ಲಿ ‘ಪಾಸ್ ಔಟ್’ ಎಂದರೆ ಮೂರ್ಛೆ ಹೋಗುವುದು. ಕುಡಿದು ಮೈಮರೆತು ಬೀಳುವುದಕ್ಕೂ ಇದೇ ಮಾತು!

ಹಾಗಾದರೆ ನಮಗೆ ಗೊತ್ತಿರುವ ಅರ್ಥ ಸುಳ್ಳೇ? ಪೂರ್ತಿ ಸುಳ್ಳಲ್ಲ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಸೇನೆ, ಪೊಲೀಸ್ ತರಬೇತಿ ಮುಗಿಸಿ ಹೊರಬರುವುದನ್ನು ‘ಪಾಸ್ ಔಟ್’ ಎನ್ನುತ್ತಾರೆ. ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಗಳಲ್ಲಿ ನಡೆಯುವ ‘ಪಾಸಿಂಗ್ ಔಟ್ ಪರೇಡ್’ ನೆನಪಿಸಿಕೊಳ್ಳಿ. ಅದು ಸರಿಯಾದ ಬಳಕೆಯೇ. ನಮ್ಮಲ್ಲಿ ಅದೇ ಮಾತು ಪರೇಡ್ ಮೈದಾನ ದಾಟಿ ಕಾಲೇಜಿಗೂ ಬಂದಿದೆ. ‘2024 ಪಾಸ್‌ಔಟ್ಸ್ ಬೇಕಾಗಿದ್ದಾರೆ’ ಎಂದು ಕಂಪನಿಗಳೇ ಜಾಹೀರಾತು ಕೊಡುತ್ತವೆ. ಹಾಗಾಗಿ ಇದನ್ನು ಆಡಿದವರನ್ನು ನೋಡಿ ನಗುವುದು ಸರಿಯಲ್ಲ. ಇದು ಭಾರತದ ಇಂಗ್ಲಿಷ್, ಅಷ್ಟೇ. ಆದರೆ ವಿದೇಶಿ ವಿಶ್ವವಿದ್ಯಾಲಯದ ಅರ್ಜಿ, ಹೊರದೇಶದ ಕ್ಲೈಂಟ್‌ಗೆ ಹೋಗುವ ರೆಸ್ಯೂಮೆಯಲ್ಲಿ ಇದನ್ನು ಬಿಡುವುದೇ ಜಾಣತನ.

ಬದಲಿಗೆ ಏನು ಬರೆಯಬೇಕು? ಡಿಗ್ರಿ ಮುಗಿದಿದ್ದರೆ ‘ಐ ಗ್ರಾಜುಯೇಟೆಡ್ ಫ್ರಮ್ ಬೆಂಗಳೂರು ಯೂನಿವರ್ಸಿಟಿ ಇನ್ 2022’. ಇಲ್ಲಿ ‘ಫ್ರಮ್’ ಬಿಡಬೇಡಿ; ಅಮೆರಿಕನ್ನರು ಮಾತಿನಲ್ಲಿ ಬಿಡುವುದುಂಟು, ಬರಹದಲ್ಲಿ ಇದ್ದರೇ ಚೆಂದ. ಇನ್ನೂ ಕೊನೆಯ ವರ್ಷದಲ್ಲಿದ್ದರೆ ‘ಐ ವಿಲ್ ಗ್ರಾಜುಯೇಟ್ ಇನ್ 2027’ ಎನ್ನಬಹುದು.

ಎಸ್ಸೆಸ್ಸೆಲ್ಸಿ, ಪಿಯುಸಿ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದರೂ ‘ಗ್ರಾಜುಯೇಟ್’. ನಮ್ಮಲ್ಲಿ ಆ ಪದ ಕೇಳಿದ ಕೂಡಲೇ ಡಿಗ್ರಿ ಆಗಿದೆ ಎಂದುಕೊಳ್ಳುತ್ತಾರೆ. ಆದ್ದರಿಂದ ‘ಐ ಕಂಪ್ಲೀಟೆಡ್ ಪಿಯುಸಿ ಇನ್ 2019’ ಎಂದರೆ ಯಾರಿಗೂ ಗೊಂದಲವಿಲ್ಲ. ಪಿಯುಸಿ ಎಂದರೆ 12ನೇ ತರಗತಿ ಎಂದು ಪಕ್ಕದಲ್ಲೇ ತಿಳಿಸಿಬಿಡಿ. ಕರ್ನಾಟಕದ ಗಡಿ ದಾಟಿದರೆ ಆ ಮೂರಕ್ಷರ ಎಷ್ಟೋ ಜನರಿಗೆ ತಿಳಿಯುವುದಿಲ್ಲ.

ಇನ್ನು ಪರೀಕ್ಷೆ ಪಾಸಾಗುವುದಕ್ಕೆ ‘ಔಟ್’ ಸೇರಿಸುವ ಅಗತ್ಯವೇ ಇಲ್ಲ. ‘ಐ ಪಾಸ್ಡ್ ದಿ ಎಕ್ಸಾಮ್’ ಸಾಕು. ಕನ್ನಡದಲ್ಲಿ ನಾವು ‘ಪಾಸಾದೆ’ ಎಂದಷ್ಟೇ ಹೇಳುವುದಿಲ್ಲವೇ, ಹಾಗೆಯೇ.