ಬಾದಾಮಿ ಶಾಸನದ ‘ಇತ್ತೊದು’: ಒಂದು ಭೂತಕಾಲ ರೂಪದ ಅರ್ಥ ಮತ್ತು ಮೂಲ

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಎರಡು ಬರಹಗಳಿವೆ. ಶಕ 500ರ (ಕ್ರಿ.ಶ. 578) ಕಾರ್ತಿಕ ಹುಣ್ಣಿಮೆಯ ಸಂಸ್ಕೃತ ಶಾಸನ ಇತಿಹಾಸಕಾರರಿಗೆಲ್ಲ ಪರಿಚಿತ. ವ್ಯಾಕರಣದ ಅಭ್ಯಾಸಿಗೆ ಅದಕ್ಕಿಂತ ಬೆಲೆಬಾಳುವುದು ಪಕ್ಕದ ಪುಟ್ಟ ಕನ್ನಡ ಶಾಸನ. ಅದು ಗುಹಾಲಯವನ್ನು ‘ಕಲ್ಮನೆ’ ಎಂದು ಕರೆದು, ಮಂಗಲೇಶ ಅದಕ್ಕೆ ‘ಇತ್ತೊದು’ ಲಂಜಿಗೇಸರ ಎಂಬ ಊರು ಎನ್ನುತ್ತದೆ.

‘ಇತ್ತೊದು’ ಎಂದರೆ ‘ಕೊಟ್ಟದ್ದು’. ಧಾತು ‘ಈ’. ಭೂತಕಾಲದ ತಕಾರ ಸೇರಿದೊಡನೆ ದೀರ್ಘಸ್ವರ ಹ್ರಸ್ವವಾಗಿ, ತಕಾರ ಇಮ್ಮಡಿಸಿ ‘ಇತ್ತ’ ಆಗುತ್ತದೆ. ‘ಸಾ’ ಧಾತು ‘ಸತ್ತ’ ಆಗುವುದೂ ಹೀಗೆಯೇ. ‘ನೋ’, ‘ಬೇ’, ‘ಮೀ’ ಧಾತುಗಳಲ್ಲಿ ಸ್ವರ ಹ್ರಸ್ವವಾದರೂ ಅನುನಾಸಿಕ ನಡುವೆ ಬಂದು ‘ನೊಂದ’, ‘ಬೆಂದ’, ‘ಮಿಂದ’ ಎಂಬ ರೂಪಗಳಾಗುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜ ಭೂತಕಾಲಕ್ಕೆ ಹೇಳುವ ಪ್ರತ್ಯಯ ‘ದ’. ಶಾಸನಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ದಕಾರವನ್ನೂ ಮೇಲಿನ ತಕಾರವನ್ನೂ ಬೇರೆ ಬೇರೆ ಎನ್ನಲು ಕಾರಣ ಕಾಣುವುದಿಲ್ಲ. ಧಾತುವಿನ ಕೊನೆ ಬದಲಾದಂತೆ ಒಂದೇ ಪ್ರತ್ಯಯ ವೇಷ ಬದಲಿಸಿದೆ ಎನ್ನುವುದೇ ಸರಿ.

ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಬಾದಾಮಿಯ ತಟ್ಟುಕೋಟೆ ಬಳಿಯ ಬಂಡೆಯಲ್ಲಿ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ, ‘ಕಟ್ಟಿದ’, ‘ಬಿಟ್ಟ’, ‘ಕೆಟ್ಟರ್’, ‘ಸತ್ತರ್’ ಒಟ್ಟಿಗೇ ಸಿಗುತ್ತವೆ. ‘ಕಟ್ಟು’ ಇಕಾರ ಪಡೆದು ದಕಾರ ಉಳಿಸಿಕೊಂಡಿತು. ‘ಬಿಡು’, ‘ಕೆಡು’ ಧಾತುಗಳ ಡಕಾರ ತಕಾರದೊಡನೆ ಬೆಸೆದು ಟ್ಟಕಾರವಾಯಿತು. ಹಲ್ಮಿಡಿ ಶಾಸನದ ‘ಕೊಟ್ಟಾರ್’ ಕೂಡ ಈ ಜಾಡಿನದೇ. ಹುನಗುಂದ, ಇಳಕಲ್ಲ ಕಡೆಯವರು ಇಂದು ‘ಕೆಟ್ರು’, ‘ಸತ್ರು’ ಎನ್ನುವಾಗ ಅಳಿದಿರುವುದು ನಡುವಿನ ಒಂದು ಸ್ವರವಷ್ಟೆ.

ಆದರೆ ‘ಈ’ ಧಾತು ಮಾತಿನಿಂದ ಹೋಯಿತು, ಅದರ ಜಾಗವನ್ನು ‘ಕೊಡು’ ಹಿಡಿಯಿತು. ‘ಎಮ್ಮಿ ಈದೈತಿ’ ಎಂಬ ಬಳಕೆಯಲ್ಲಿ ಅದು ಉಳಿದಿದೆಯೆಂದು ಹೇಳುವ ಆಸೆಯಾಗುತ್ತದೆ, ಒಪ್ಪಲಾಗದು. ಆ ಕ್ರಿಯಾಪದದ ಭೂತರೂಪ ‘ಈದ’, ‘ಇತ್ತ’ ಅಲ್ಲ. ತಮಿಳಿನ ‘ಈನ್’ ತೋರಿಸುವಂತೆ ಅದರ ಮೂಲದಲ್ಲಿ ನಕಾರವಿದೆ. ಎರಡು ಧಾತುಗಳನ್ನು ಬೇರ್ಪಡಿಸಲು ಇಲ್ಲಿ ಭೂತಕಾಲದ ರೂಪವೇ ಆಧಾರ.

ಉಳಿದದ್ದು ‘-ಒದು’. ಇದು ಕೃದಂತಕ್ಕೆ ಹತ್ತಿದ ನಪುಂಸಕ ಸರ್ವನಾಮ. ಮುಂದಿನ ಹಳಗನ್ನಡದಲ್ಲಿ ‘-ಉದು’ ಆಯಿತು. ದಾನವನ್ನು ಹೇಳುವ ಈ ವಾಕ್ಯಕ್ಕೆ ಪೂರ್ಣ ಕ್ರಿಯಾಪದ ಬೇಕಾಗಿಲ್ಲ, ನಾಮಪದವಾದ ಭೂತರೂಪವೇ ಸಾಕು. ದಾನ ಕೆಡಿಸುವವನನ್ನು ಹೇಳುವಾಗ ಮಾತ್ರ ಅದೇ ಶಾಸನ ವಕಾರವುಳ್ಳ ‘ಅೞಿವೋನ್’ ಬಳಸುತ್ತದೆ. ಕೊಟ್ಟದ್ದು ಮುಗಿದ ಸಂಗತಿ, ಅಳಿಯುವವನು ಮುಂದೆಂದೋ ಬರಬಹುದಾದವನು. ಶಾಸನ ಬರೆದವನು ಈ ಕಾಲಭೇದವನ್ನು ಎಚ್ಚರದಿಂದ ಕಾಯ್ದಿದ್ದಾನೆ. ‘ಅವ್ವ ಕೊಟ್ಟದ್ದು ಇಳಕಲ್ಲ ಸೀರಿ’ ಎಂಬ ಬಾಗಲಕೋಟೆಯ ಮಾತಿನಲ್ಲಿ ಧಾತು ಬದಲಾಗಿದೆ, ‘-ಒದು’ ಹೋಗಿ ‘ಅದು’ ಸೇರಿದೆ. ವಾಕ್ಯದ ಕಟ್ಟು ಕಲ್ಮನೆಯ ಶಾಸನದ್ದೇ.