ಸುರುಯಿ ಜನರ ಕಾಡಿನ ಲೆಕ್ಕ

ಹಿತ್ತಲ ಹಲಸಿನ ಮರವನ್ನು ಕಡಿದು ಮಾರಿದರೆ ಹಣ ಬರುತ್ತದೆ. ಕಡಿಯದೆ ಬಿಟ್ಟುದಕ್ಕೆ ಹಣ ಕೊಡುವವರುಂಟೇ? ಉಂಟೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಆದರೆ ನಮ್ಮ ಕಾಲದಲ್ಲಿ ಅಂತಹ ವ್ಯಾಪಾರವೊಂದು ಹುಟ್ಟಿಕೊಂಡಿದೆ. ಮರವು ಗಾಳಿಯಲ್ಲಿನ ಇಂಗಾಲವನ್ನು ತನ್ನ ಒಡಲಲ್ಲಿ ಕೂಡಿಡುತ್ತದೆ. ಕಡಿದು ಸುಟ್ಟರೆ ಅದು ಮರಳಿ ಗಾಳಿಯನ್ನು ಸೇರಿ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ. ಆದುದರಿಂದ ಕಾಡನ್ನು ಉಳಿಸಿದವರು, ತಡೆದ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ಒಂದರಂತೆ ‘ಕಾರ್ಬನ್ ಕ್ರೆಡಿಟ್’ ಪಡೆದು ಉದ್ಯಮಗಳಿಗೆ ಮಾರಬಹುದು. ಲೆಕ್ಕವೇ ಈ ವ್ಯಾಪಾರದ ಜೀವಾಳ. ಆ ಲೆಕ್ಕಕ್ಕೆ ವನವಾಸಿಗಳೇ ಕೈಹಾಕಿದ ಕಥೆಯೊಂದನ್ನು ವಾಚಕರ ಮುಂದಿಡುತ್ತೇನೆ.

ಬ್ರೆಜಿಲ್ ದೇಶದ ರೊಂಡೋನಿಯಾ ಮತ್ತು ಮಾಟೊ ಗ್ರೊಸ್ಸೊ ಪ್ರಾಂತಗಳ ಗಡಿಯಲ್ಲಿ ಸುಮಾರು 2,48,000 ಹೆಕ್ಟೇರ್ ಕಾಡಿನಲ್ಲಿ ಸುರುಯಿ ಜನರ ನೆಲೆ. ಹೊರಗಿನ ಸರ್ಕಾರದೊಡನೆ ಅವರ ಮೊದಲ ಭೇಟಿಯಾದುದು 1969ರಲ್ಲಿ. ಭೇಟಿಯ ಹಿಂದೆಯೇ ದಡಾರವೇ ಮೊದಲಾದ ರೋಗಗಳು ಬಂದು ಬಹು ಜನರನ್ನು ಬಲಿ ತೆಗೆದುಕೊಂಡವು; ಆಮೇಲೆ ಮರಗಳ್ಳರು ಬಂದರು. ಸುತ್ತಲಿನ ನೆಲ ಬೋಳಾಗುತ್ತ, ಉಪಗ್ರಹ ಚಿತ್ರದಲ್ಲಿ ಇವರ ಕಾಡು ಹಸಿರು ನಡುಗಡ್ಡೆಯಂತೆ ಉಳಿಯಿತು.

ಅವರ ನಾಯಕ ಅಲ್ಮೀರ್ ಸುರುಯಿ 2007ರಲ್ಲಿ ಗೂಗಲ್ ಸಂಸ್ಥೆಯ ನೆರವನ್ನು ಕೇಳಿದರು. ಕ್ರಮೇಣ ಊರಿನವರು ಮೊಬೈಲ್ ಫೋನ್ ಹಿಡಿದು ಕಾಡನ್ನು ಅಳೆಯಲು ಕಲಿತರು. ಎದೆಮಟ್ಟದಲ್ಲಿ ಬೊಡ್ಡೆಗೆ ಪಟ್ಟಿ ಸುತ್ತಿ ಅಳತೆ ತೆಗೆಯುವುದು. ಅದನ್ನು ಮರವಿರುವ ಜಾಗದೊಡನೆ ಫೋನಿನಲ್ಲಿ ದಾಖಲಿಸುವುದು. ಅಳತೆಯಿಂದ ಮರದ ಒಣತೂಕವನ್ನು ಅಂದಾಜು ಮಾಡಬಹುದು. ಅದರ ಸುಮಾರು ಅರ್ಧದಷ್ಟು ಇಂಗಾಲ. ಹಿಂದೆ ನಮ್ಮ ಶಾನುಭೋಗರು ಕಡತದಲ್ಲಿ ಬರೆದಿಡುತ್ತಿದ್ದುದನ್ನು ಇಲ್ಲಿ ಬೇಟೆಗಾರರ ಮಕ್ಕಳು ಫೋನಿನಲ್ಲಿ ಬರೆದರು. 2013ರಲ್ಲಿ ನಾತುರಾ ಎಂಬ ಬ್ರೆಜಿಲಿನ ಕಂಪನಿಯು ಅವರಿಂದ 1,20,000 ಟನ್ನಿನ ಕ್ರೆಡಿಟ್‌ಗಳನ್ನು ಕೊಂಡಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಬುಡಕಟ್ಟಿನೊಳಗೇ ಭಿನ್ನಾಭಿಪ್ರಾಯ ತಲೆದೋರಿತು. ಮರಗಳ್ಳರ ಜೊತೆಗೆ ಅಕ್ರಮ ಗಣಿಗಾರರೂ ನುಗ್ಗಿದರು. ಕಾಡು ಮತ್ತೆ ಕರಗತೊಡಗಿತು. 2018ರಲ್ಲಿ ಯೋಜನೆಯೇ ನಿಂತುಹೋಯಿತು. ಫೋನಿನ ಲೆಕ್ಕ ತಪ್ಪಿದ್ದರಿಂದಲ್ಲ, ಕಾವಲು ಸಾಲದೆ ಹೋದುದರಿಂದ.

ಲೆಕ್ಕವೇ ತಪ್ಪುವುದೂ ಉಂಟು. ‘ಯೋಜನೆ ಇಲ್ಲದಿದ್ದರೆ ಇಷ್ಟು ಕಾಡು ಹಾಳಾಗುತ್ತಿತ್ತು’ ಎಂಬ ಊಹೆಯನ್ನು ಹಿಗ್ಗಿಸಿದರೆ ಉಳಿತಾಯವೂ ಹಿಗ್ಗುತ್ತದೆ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಆರು ದೇಶಗಳ 26 ಯೋಜನೆಗಳನ್ನು, ಅವುಗಳಂತೆಯೇ ಇರುವ ಬೇರೆ ಕಾಡುಗಳೊಡನೆ ಹೋಲಿಸಿ ನೋಡಿತು. ಬಹುಪಾಲು ಯೋಜನೆಗಳು ಅರಣ್ಯನಾಶವನ್ನು ಹೇಳಿಕೊಳ್ಳುವಷ್ಟು ತಗ್ಗಿಸಿರಲಿಲ್ಲ. ಇಂತಹ ಹೋಲಿಕೆಗೆ ದಾರಿಯಾದುದೂ ಉಪಗ್ರಹಗಳೇ. 1972ರಿಂದ ಲ್ಯಾಂಡ್‌ಸ್ಯಾಟ್ ತೆಗೆಯುತ್ತ ಬಂದ ಭೂಚಿತ್ರಗಳ ಭಂಡಾರ 2008ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ಮಾರುವವನ ಮಾತನ್ನು ಮೂರನೆಯವನು ಪರೀಕ್ಷಿಸುವುದು ಸುಲಭವಾಯಿತು.

ಹೀಗೆ ಯಂತ್ರವು ಸುಳ್ಳನ್ನು ಬಯಲಿಗೆಳೆಯಬಲ್ಲುದು, ಕಳವನ್ನು ತೋರಿಸಬಲ್ಲುದು; ಕಳ್ಳನ ಕೈ ಹಿಡಿಯಲಾರದು. ಆ ಕೆಲಸ ಕಾಡಿನವರದು, ಅವರ ಬೆನ್ನಿಗೆ ನಿಲ್ಲಬೇಕಾದ ಸರ್ಕಾರದ್ದು. ‘ಕಾಡು ಉಳಿಸಿ ನಮ್ಮ ಹೊಗೆಯ ಋಣ ತೀರಿಸಿದ್ದೇವೆ’ ಎಂದು ಯಾವುದಾದರೂ ಕಂಪನಿ ಸಾರಿದಾಗ, ವಾಚಕರೇ, ನೀವು ಎರಡು ಪ್ರಶ್ನೆಗಳನ್ನು ಕೇಳಿರಿ: ಆ ಕಾಡನ್ನು ಅಳೆದವರು ಯಾರು? ಇಂದು ರಾತ್ರಿ ಅದನ್ನು ಕಾಯುತ್ತಿರುವವರು ಯಾರು?