ಸಾಗರ: ಒಂದು ಸೀಮೆಯ ಪೇಟೆ

ಸಾಗರ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರ, ಉಪವಿಭಾಗದ ಮುಖ್ಯಸ್ಥಳ. ಜಿಲ್ಲಾ ಕೇಂದ್ರದಿಂದ ಸುಮಾರು 70 ಕಿ.ಮೀ. ಪಶ್ಚಿಮಕ್ಕೆ, ಜೋಗಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಊರೊಳಗೆ ಬಂದೊಡನೆ ಆ ಹೆದ್ದಾರಿಯೇ ಬಿ.ಎಚ್. ರಸ್ತೆ. 2001ರ ಜನಗಣತಿಯಲ್ಲಿ 50 ಸಾವಿರದಷ್ಟಿದ್ದ ಜನಸಂಖ್ಯೆ 2011ಕ್ಕೆ 54 ಸಾವಿರ ದಾಟಿತ್ತು. ಆದರೆ ಈ ಲೆಕ್ಕಕ್ಕೆ ಸಿಗುವುದು ರಾತ್ರಿ ಊರಲ್ಲಿ ಮಲಗುವವರು ಮಾತ್ರ. ಹಗಲಿನ ಸಾಗರದಲ್ಲಿ ತುಮರಿಯವರು, ತಾಳಗುಪ್ಪದವರು, ಹೆಗ್ಗೋಡಿನವರು, ಆನಂದಪುರದವರು ಎಲ್ಲರೂ ಸೇರಿರುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ 'ಪೇಟೆಗೆ ಹೋಗಿ ಬರ್ತೀನಿ' ಎಂದರೆ ಯಾವ ಪೇಟೆ ಎಂದು ಯಾರೂ ಕೇಳುವುದಿಲ್ಲ.

ಊರಿಗೆ ಹೆಸರು ಕೊಟ್ಟದ್ದು ಕೆರೆ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವಸಾಗರವೇ ಇಂದಿನ ಗಣಪತಿ ಕೆರೆ ಎಂಬುದು ಇಲ್ಲಿನ ರೂಢಿಯ ಮಾತು. ಒಂದು ಕಡೆ ಕೆಳದಿ, ಇನ್ನೊಂದು ಕಡೆ ಇಕ್ಕೇರಿ, ನಡುವೆ ಸಾಗರ. ಎರಡೂ ಕೆಲವೇ ಕಿಲೋಮೀಟರ್ ದೂರದವು, ಎರಡೂ ಕೆಳದಿ ನಾಯಕರ ರಾಜಧಾನಿಗಳಾಗಿದ್ದವು. ರಾಜಧಾನಿ ಆಮೇಲೆ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಯಿತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. ಇಕ್ಕೇರಿಯಲ್ಲಿ ಉಳಿದದ್ದು ಅಘೋರೇಶ್ವರನ ಕಲ್ಲಿನ ಗುಡಿ. ಅರಮನೆ, ಕೋಟೆಗಳ ವೈಭವ ಕರಗಿದರೂ ಸಾಗರದ ಸಂತೆ ಕರಗಲಿಲ್ಲ.

ಸಂತೆಯ ಜೀವ ಅಡಿಕೆ. ಸಾಗರದ ಕೃಷಿ ಮಾರುಕಟ್ಟೆಯ ಧಾರಣೆ ಪಟ್ಟಿಯಲ್ಲಿ ರಾಶಿ, ಚಾಲಿ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕ ಎಂದು ಒಂದೊಂದಕ್ಕೂ ಬೇರೆ ಬೇರೆ ದರ. ಹಸಿಯಾಗಿರುವಾಗಲೇ ಸುಲಿದು, ಬೇಯಿಸಿ, ಚೊಗರಿನ ಬಣ್ಣ ಕೊಟ್ಟು ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು ಸಿಪ್ಪೆಯ ಸಮೇತ ಬಿಸಿಲಿಗೆ ಹರವಿ ಆಮೇಲೆ ಸುಲಿದರೆ ಚಾಲಿ. ಮನೆಯಲ್ಲಿ ಸುಲಿಯುವ ಕೈಗಳೆಷ್ಟು, ಅಂಗಳ ಎಷ್ಟು ದೊಡ್ಡದು ಎಂಬುದರ ಮೇಲೆ ಯಾವುದನ್ನು ಮಾಡಬೇಕೆಂಬ ತೀರ್ಮಾನ. ಮಂಡಿಯಲ್ಲಿ ಅನುಭವಿಗಳು ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಂದನ್ನು ಕತ್ತರಿಸಿ ಒಳಗಿನ ತಿರುಳು ನೋಡುತ್ತಾರೆ. ವರ್ಷದ ದುಡಿಮೆಯ ಬೆಲೆ ಆ ಒಂದು ಹೋಳಿನಲ್ಲಿ ತೀರ್ಮಾನವಾಗುತ್ತದೆ. ಧಾರಣೆ ಏರಿದ ವರ್ಷ ಬಟ್ಟೆ ಅಂಗಡಿಗೂ ಬಂಗಾರದ ಅಂಗಡಿಗೂ ಗೊತ್ತಾಗುತ್ತದೆ. ಕೊಳೆರೋಗವೋ ಎಲೆಚುಕ್ಕೆಯೋ ತೋಟಕ್ಕೆ ಬಿದ್ದ ವರ್ಷವೂ ಅಷ್ಟೇ ಬೇಗ ಗೊತ್ತಾಗುತ್ತದೆ.

ತೋಟದ ಸಿರಿ ಎಲ್ಲರದೂ ಆಗಿರಲಿಲ್ಲ. 1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತರು. ಹೆಚ್ಚಿನವರು ದೀವರ ಸಮುದಾಯದವರು. ತಕರಾರು ಶುರುವಾದದ್ದು ಭತ್ತ ಅಳೆಯುವ ಕೊಳಗದ ಅಳತೆಯಿಂದ. ಎಚ್. ಗಣಪತಿಯಪ್ಪ ಸಂಘ ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಜೊತೆಗೆ ನಿಂತರು. ಆ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿಗೇ ಬಂದರು; ಅವರ ಬಂಧನವಾದದ್ದು ಸಾಗರದ ರೈಲು ನಿಲ್ದಾಣದಲ್ಲಿ. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. 1974ರ ಭೂಸುಧಾರಣೆಯ ಕಾನೂನು ಉಳುವವನಿಗೆ ನೆಲ ಕೊಟ್ಟಾಗ ಕಾಗೋಡಿನ ಹೆಸರನ್ನು ನೆನೆಯದವರಿರಲಿಲ್ಲ. ಸಾಗರದ ಪೇಟೆಯಲ್ಲಿ ಹಳ್ಳಿಯ ರೈತ ತಲೆಯೆತ್ತಿ ವ್ಯಾಪಾರ ಮಾಡುವುದರ ಹಿಂದೆ ಈ ಚರಿತ್ರೆಯಿದೆ.

ಕಾಗೋಡು ಹೋರಾಟದ ಆಸುಪಾಸಿನ ಕಾಲಕ್ಕೆ ಶರಾವತಿ ನದಿಯ ಕಡೆಯಿಂದ ಇನ್ನೊಂದು ಸಂಕಟ. ಹಿರೇಭಾಸ್ಕರ ಅಣೆಕಟ್ಟು ಮೊದಲು, 1964ರಲ್ಲಿ ಲಿಂಗನಮಕ್ಕಿ ಆಮೇಲೆ. ರಾಜ್ಯಕ್ಕೆ ಬೆಳಕು ಬಂತು, ಕಣಿವೆಯ ಗದ್ದೆ, ತೋಟ, ಮನೆ, ದೇವಸ್ಥಾನ ಮುಳುಗಿದವು. ಇಲ್ಲಿ 'ಮುಳುಗಡೆ' ಎಂಬುದು ಕಾಲ ಎಣಿಸುವ ಮಾತು: ಮುಳುಗಡೆಗೆ ಮುಂಚೆ, ಮುಳುಗಡೆಯಾದ ಮೇಲೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅದನ್ನು ಹತ್ತಿರದಿಂದ ಕಂಡ ನಾ. ಡಿಸೋಜ (1937–2025) ಸಾಗರದಲ್ಲೇ ನೆಲೆಸಿ 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜರೇ ಅಧ್ಯಕ್ಷರು.

ಊರು ಊರಾಗಿ ಕಾಣಬೇಕಾದರೆ ಮಾರಿಕಾಂಬಾ ಜಾತ್ರೆಗೆ ಬರಬೇಕು. ಮೂರು ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ, ಒಂಬತ್ತು ದಿನ. ಅಮ್ಮನಿಗೆ ಪೇಟೆಯಲ್ಲಿ ಎರಡು ಗುಡಿ: ಒಂದು ತವರುಮನೆ, ಒಂದು ಗಂಡನ ಮನೆ. ಮೊದಲ ದಿನ ತವರಿನಲ್ಲಿ ಪೂಜೆ ಮುಗಿಸಿಕೊಂಡು ಆಕೆ ಗಂಡನ ಮನೆಗೆ ಹೊರಡುತ್ತಾಳೆ, ಊರೆಲ್ಲ ಮದುವೆ ಮನೆಯವರಂತೆ ಹಿಂದೆ ನಡೆಯುತ್ತದೆ. ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಗಂಡುಮಕ್ಕಳು ತಾಳಗುಪ್ಪದ ರೈಲು ಹಿಡಿದು ಬರುತ್ತಾರೆ. ಆ ರೈಲಿನ ಕತೆಯೂ ಸಣ್ಣದಲ್ಲ. ಶಿವಮೊಗ್ಗ–ತಾಳಗುಪ್ಪ ನಡುವಿನ ಮೀಟರ್ ಗೇಜ್ ಹಳಿಯ ಮೇಲೆ ಬಹಳ ಕಾಲ ಓಡಿದ್ದು ಬಸ್ಸಿನಷ್ಟೇ ಇದ್ದ ರೈಲ್‌ಬಸ್. ಬ್ರಾಡ್‌ಗೇಜ್ ಆದದ್ದು 2011ರಲ್ಲಿ. ಊರಿನ ನಿಲ್ದಾಣದ ಹೆಸರು ಇಂದಿಗೂ ಸಾಗರ ಜಂಬಗಾರು.

ಕೈಕೆಲಸದಲ್ಲಿ ಈ ಸೀಮೆ ಬಡವಾಗಿಲ್ಲ. ಗುಡಿಗಾರರು ಗಂಧದ ತುಂಡಿನಲ್ಲಿ ಬೆರಳುದ್ದದ ದೇವರನ್ನು ಬಿಡಿಸುತ್ತಾರೆ. ಗಂಧ ಸಿಗುವುದು ಕಷ್ಟವಾದ ಮೇಲೆ ಶಿವನೆಯಂಥ ಮರಗಳಿಗೂ ಉಳಿ ತಾಗಿದೆ. ದೀವರ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬಸುರಿ ಭೂಮಿಗೆ ಬಡಿಸುವ ಅಡುಗೆಯನ್ನು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೈತುಂಬ ಅದೇ ಗೆರೆಗಳು. ಗೆರೆ ಕೂದಲಿನಷ್ಟು ಸಣ್ಣದು, ಒಂದಿಷ್ಟೂ ನಡುಗಿರುವುದಿಲ್ಲ.

ಹೆಗ್ಗೋಡು ಇಲ್ಲಿಗೆ ಹತ್ತಿರ. 1949ರಲ್ಲಿ ಹಳ್ಳಿಯವರೇ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ನೀನಾಸಂ. ಅದನ್ನು ಮುನ್ನಡೆಸಿದ ಕೆ.ವಿ. ಸುಬ್ಬಣ್ಣ ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ 'ತಿರುಗಾಟ' ಶುರುಮಾಡಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯ 'ಚರಕ' ಮಹಿಳೆಯರ ಕೈಮಗ್ಗದ ಸಹಕಾರ ಸಂಘ, ಅಡಿಕೆ ಚೊಗರಿನಂಥ ಸಹಜ ಬಣ್ಣಗಳಿಗೆ ಹೆಸರಾದದ್ದು. ಅಡಿಕೆ ಮಾರಲು ಬಂದವರು ಸಂಜೆ ನಾಟಕ ನೋಡಿ ಹೋಗುವ ಸೀಮೆ ಇದು.

ಬೆಳವಣಿಗೆ ಕಣ್ಣಿಗೆ ಕಾಣುತ್ತಿದೆ. ಪುರಸಭೆ ನಗರಸಭೆಯಾಗಿದೆ, ಬಡಾವಣೆಗಳು ಗದ್ದೆಯಂಚಿಗೆ ಮುಟ್ಟಿವೆ. ಇಷ್ಟೆಲ್ಲದರ ನಡುವೆ ಊರಿಗೆ ಹೆಸರು ಕೊಟ್ಟ ಕೆರೆ ಊರಿನ ಕೊಳೆ ಹೊರದಂತೆ ನೋಡಿಕೊಳ್ಳುವುದು ಸಾಗರದವರ ಮುಂದಿರುವ ಅತಿ ದೊಡ್ಡ ಕೆಲಸ.

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ ಸುಮಾರು 2.4 ಕಿ.ಮೀ. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವ ಭಕ್ತರಿಗೆ ಅದು ಅನುಕೂಲ. ತುಮರಿ ಕಡೆಯವರಿಗೆ ಅದಕ್ಕಿಂತ ದೊಡ್ಡದು. ಮುಳುಗಡೆಯಾದಾಗಿನಿಂದ ಅವರಿಗೆ ಸಾಗರದ ದಾರಿ ಎಂದರೆ ಲಾಂಚ್ ಆಗಿತ್ತು. ಕತ್ತಲಾದ ಮೇಲೆ ಅದು ಇರುತ್ತಿರಲಿಲ್ಲ. ಪೇಟೆಗೆ ಬಂದವರು ಅಡಿಕೆ ತೂಕವಾಗುವ ಮೊದಲೇ ಗಡಿಯಾರ ನೋಡುತ್ತಿದ್ದರು, ರಾತ್ರಿ ಹೆರಿಗೆ ನೋವು ಬಂದ ಮನೆಯವರು ದಡದಲ್ಲಿ ನಿಂತು ಆಚೆ ದಡ ನೋಡುತ್ತಿದ್ದರು. ಈಗ ಆ ಹೊತ್ತಿನಲ್ಲೂ ಸೇತುವೆಯ ಮೇಲೆ ವಾಹನ ಸಾಗರದ ಕಡೆಗೆ ಬರುತ್ತದೆ.